ಈ ಬೆಳಕು ಏನನ್ನು ಮುಟ್ಟಿ ಬಂತು?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಅಮ್ಮ, ನಾನು ಸೇರಿ ಹಸೆ ಚಿತ್ತಾರದ ಫಲಕ (ಕೆಮ್ಮಣ್ಣಿನ ಮೇಲೆ ಅಕ್ಕಿ ಬಿಳಿಯ ಗೆರೆ ಎಳೆದು ಬರೆಯುವ ನಮ್ಮ ಕಡೆಯ ಚಿತ್ರ), ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿ ಮಾಡಿ ಮಾರುತ್ತೇವೆ. ಎರಡು ವರ್ಷದ ಹಿಂದೆ ಕ್ಯಾಮೆರಾ ತಗೊಂಡೆ. ಅದರ ಜೊತೆ ಬಂದ 18-55 ಲೆನ್ಸು ಒಂದೇ ಇರುವುದು. ಗೆಳತಿಯರನ್ನು ತೋಟದಲ್ಲಿ ನಿಲ್ಲಿಸಿ ಫೋಟೊ ತೆಗೆದರೆ ಮುಖವೆಲ್ಲ ಹಸಿರು ಹಸಿರು. ಬುಟ್ಟಿಯ ಕೆಮ್ಮಣ್ಣು ಒಂದು ದಿನ ಕಿತ್ತಳೆ ಬಣ್ಣ ಬರುತ್ತದೆ, ಇನ್ನೊಂದು ದಿನ ಕಂದು. ‘ಫೋಟೊದಲ್ಲಿದ್ದ ಬಣ್ಣ ಇದಲ್ಲ’ ಅಂತ ಒಬ್ಬರು ವಾಪಸ್ ಕಳಿಸಿದರು. ಈಗ ಹತ್ತಿರದ ಗೆಳತಿ, ತನ್ನ ಮದುವೆ ಫೋಟೊ ನೀನೇ ತೆಗೆಯಬೇಕು ಅಂತ ಹಟ ಹಿಡಿದಿದ್ದಾಳೆ. ಏಪ್ರಿಲ್ ಕೊನೆಯಲ್ಲಿ ಮದುವೆ, ಅವರ ಮನೆ ಅಂಗಳದಲ್ಲೇ ಚಪ್ಪರ. ಹದಿನೈದು ಸಾವಿರ ಕೂಡಿಟ್ಟಿದ್ದೇನೆ. ಯಾವ ಲೆನ್ಸು ತಗೊಳ್ಳಲಿ? ಮದುವೆಗೆ ಒಪ್ಪಿಕೊಳ್ಳಲಾ?

ಉತ್ತರ: ಅಮ್ಮ-ಮಗಳು ಕೂತು ಚಿತ್ತಾರ ಬರೆಯುತ್ತೀರಿ ಎಂದು ಓದಿ ಖುಷಿಯಾಯಿತು. ನೀವು ಮೂರು ತೊಂದರೆ ಬರೆದಿದ್ದೀರಿ, ನನಗೆ ಒಂದೇ ಕಾಣುತ್ತಿದೆ. ಗೆಳತಿಯ ಮುಖ ಹಸಿರಾದದ್ದು, ಕೆಮ್ಮಣ್ಣು ದಿನಕ್ಕೊಂದು ಬಣ್ಣ ತಾಳಿದ್ದು, ಮದುವೆಯಲ್ಲಿ ಏನಾಗಿಬಿಡುತ್ತದೋ ಎಂಬ ಅಂಜಿಕೆ, ಮೂರಕ್ಕೂ ಬುಡ ಒಂದೇ. ನಮ್ಮ ಮಲೆನಾಡಿನಲ್ಲಿ ಬೆಳಕು ಬರಿಗೈಯಲ್ಲಿ ಬರುವುದಿಲ್ಲ. ಬಯಲುಸೀಮೆಯಲ್ಲಿ ತಲೆ ಮೇಲೆ ಅಷ್ಟಗಲ ಆಕಾಶ, ಬೆಳಕು ನೇರ ಬಂದು ಮುಖಕ್ಕೆ ಬೀಳುತ್ತದೆ. ಇಲ್ಲಿ ಅದು ಅಡಿಕೆ ಹೆಡೆ, ಬಾಳೆ ಎಲೆ ಸೋಸಿಕೊಂಡು ಬರುತ್ತದೆ, ಅಂಗಳಕ್ಕೆ ಎಳೆದ ನೀಲಿ ಟಾರ್ಪಾಲಿನಿಂದ ಇಳಿಯುತ್ತದೆ, ಜಗುಲಿಯ ಕೆಂಪು ಗಾರೆ ನೆಲಕ್ಕೆ ಬಡಿದು ಮೇಲೇಳುತ್ತದೆ. ದಾರಿಯಲ್ಲಿ ಏನನ್ನು ಮುಟ್ಟಿತೋ ಅದರ ಬಣ್ಣ ಹೊತ್ತು ತರುತ್ತದೆ. ನಮ್ಮ ಕಣ್ಣು ಅದನ್ನು ತನ್ನಷ್ಟಕ್ಕೆ ಸರಿಮಾಡಿಕೊಂಡು ಬಿಳಿಯನ್ನು ಬಿಳಿ ಅಂತಲೇ ನೋಡುತ್ತದೆ. ಕ್ಯಾಮೆರಾಕ್ಕೆ ಆ ಜಾಣತನ ಅರೆಬರೆ. ಹಾಗಾಗಿ ಕ್ಯಾಮೆರಾ ಎತ್ತುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಬೆಳಕು ಏನನ್ನು ಮುಟ್ಟಿ ಬಂತು?

ಇದನ್ನು ನಾನು ಕಲಿತದ್ದು ಬೇರೆಯವರ ಮದುವೆ ಕೆಡಿಸಿ. ರೀಲಿನ ಕಾಲ, ನಾನು ಈ ಕೆಲಸಕ್ಕೆ ಇಳಿದ ಎರಡನೇ ವರ್ಷ. ತೀರ್ಥಹಳ್ಳಿ ಕಡೆ ಒಂದು ಮದುವೆ, ಅಂಗಳದ ತುಂಬ ಕಡುಗುಲಾಬಿ ಬಟ್ಟೆಯ ಶಾಮಿಯಾನ. ಹೊರಗೆ ರಣಬಿಸಿಲು, ಒಳಗೂ ಬೇಕಾದಷ್ಟು ಬೆಳಕು. ಇಷ್ಟು ಬೆಳಕಿರುವಾಗ ಫ್ಲಾಶ್ ಯಾಕೆ ಅಂತ 36 ಫೋಟೊದ ನಾಲ್ಕು ರೀಲು ಹಾಗೇ ತೆಗೆದೆ. ಪ್ರಿಂಟು ಬಂದಾಗ ನೋಡಿದರೆ ಮದುಮಗಳ ಹಣೆ, ಕೆನ್ನೆ, ಮದುಮಗನ ಬಿಳಿ ಪಂಚೆ, ಪುರೋಹಿತರ ಶಲ್ಯ, ಬಾಳೆಎಲೆಯ ಮೇಲಿನ ಅನ್ನ ಕೂಡ ಗುಲಾಬಿ. ಹುಡುಗಿಯ ತಾಯಿ ಆಲ್ಬಮ್ಮನ್ನು ತೊಡೆ ಮೇಲಿಟ್ಟುಕೊಂಡು ಒಂದೊಂದೇ ಪುಟ ಮಗುಚಿ, ‘ಅವತ್ತು ಇವಳಿಗೆ ಜ್ವರ ಇತ್ತನಾ?’ ಅಂತ ಗಂಡನನ್ನು ಕೇಳಿದರು. ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಅಂದಿನಿಂದ ಯಾವ ಚಪ್ಪರದೊಳಗೆ ಕಾಲಿಟ್ಟರೂ ಮೊದಲು ತಲೆ ಎತ್ತಿ ಮೇಲೆ ನೋಡುತ್ತೇನೆ.

ಈಗ ತೋಟದ ಹಸಿರಿಗೆ ಬರೋಣ. ಮುಖ ಹಸಿರಾದ ಫೋಟೊವನ್ನು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಸರಿ ಮಾಡಲು ಹೋಗಿರುತ್ತೀರಿ. ಟಿಂಟ್ ಗುಂಡಿಯನ್ನು ನೇರಳೆ ಕಡೆಗೆ ಎಳೆದರೆ ಹಣೆ ಸರಿಹೋಯಿತು ಅನ್ನಿಸುತ್ತದೆ. ಆದರೆ ಗದ್ದದ ಕೆಳಗೆ ನೋಡಿ, ಹಸಿರು ಅಲ್ಲೇ ಕೂತಿರುತ್ತದೆ. ಹಣೆಗೆ ಬಿದ್ದ ಬೆಳಕು ಎಲೆಗಳ ಸಂದಿನ ಆಕಾಶದ್ದು, ಗದ್ದದ ಕೆಳಗಿನದು ನೆಲದ ಹುಲ್ಲು, ಕಳೆ, ಸೊಪ್ಪಿಗೆ ಬಡಿದು ಬಂದದ್ದು. ಒಂದೇ ಮುಖದ ಮೇಲೆ ಎರಡು ಬಣ್ಣದ ಬೆಳಕು ಬಿದ್ದ ಮೇಲೆ ಒಂದು ಗುಂಡಿಯಿಂದ ಅದನ್ನು ತೊಳೆಯಲು ಬರುವುದಿಲ್ಲ. ಜಾಗ ಬದಲಿಸುವುದೇ ಮದ್ದು. ಗೆಳತಿಯನ್ನು ತೋಟದ ನಡುವೆ ನಿಲ್ಲಿಸಬೇಡಿ, ತೋಟ ಮುಗಿದು ಗದ್ದೆ ಬಯಲು ಶುರುವಾಗುವ ಅಂಚಿಗೆ ಕರೆತನ್ನಿ. ಬೆನ್ನು ತೋಟಕ್ಕೆ, ಮುಖ ಬಯಲಿಗೆ. ಹಿಂದೆ ಕಪ್ಪುಹಸಿರು ತೋಟ ಹಾಗೇ ಇರುತ್ತದೆ, ಮುಖಕ್ಕೆ ಮಾತ್ರ ತೆರೆದ ಆಕಾಶದ ಬೆಳಕು. ನಾಲ್ಕು ಹೆಜ್ಜೆ ಆಚೀಚೆ ಅಷ್ಟೇ, ಫೋಟೊ ಬೇರೆಯೇ ಆಗಿಬಿಡುತ್ತದೆ.

ಇನ್ನೊಂದು ವಿಷಯ. ಹಿಂದೆ ಕಪ್ಪು ತೋಟ ತುಂಬಿದ್ದರೆ ಕ್ಯಾಮೆರಾ ‘ಇಲ್ಲಿ ಕತ್ತಲೆ’ ಅಂದುಕೊಂಡು ಬೆಳಕು ಹೆಚ್ಚು ಬಿಟ್ಟುಕೊಳ್ಳುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಆಗ ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಸುಣ್ಣದ ಗೋಡೆಯ ಮುಂದಾದರೆ ಇದರ ತಿರುಗುಮುರುಗು, ಅಷ್ಟೇ ಏರಿಸಿ.

ಮುಖದ ಫೋಟೊಕ್ಕೆ ನಮ್ಮ ಕಡೆ ಇರುವ ಅತಿ ಒಳ್ಳೆಯ ಸ್ಟುಡಿಯೊ ಅಂದರೆ ಹಳೆ ಮನೆಯ ಜಗುಲಿ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ತಲೆ ಮೇಲೆ ಮಾಡು, ಹಾಗಾಗಿ ನೆತ್ತಿಯ ಬಿಸಿಲು ಕಣ್ಣಗುಳಿಯಲ್ಲಿ ಕಪ್ಪು ತುಂಬುವುದಿಲ್ಲ. ಎದುರಿಗೆ ಅಂಗಳ, ಅಲ್ಲಿಂದ ಅಗಲವಾದ ಮೆತ್ತನೆ ಬೆಳಕು. ಗೆಳತಿಯನ್ನು ಜಗುಲಿಯ ಅಂಚಿನಿಂದ ಒಂದು ಮೊಳ ಒಳಗೆ, ಕಂಬಕ್ಕೆ ಒರಗಿಸಿ ಕೂರಿಸಿ, ಮುಖ ಅಂಗಳದ ಕಡೆ ತುಸು ಓರೆ ಇರಲಿ. ಎರಡೂ ಕಣ್ಣಿನಲ್ಲಿ ಅಂಗಳದ ಬೆಳಕಿನ ಚೂರು ಹೊಳೆಯುತ್ತದಾ ನೋಡಿ. ಹೊಳೆದರೆ ತೆಗೆಯಿರಿ, ಇಲ್ಲವಾದರೆ ಮುಖವನ್ನು ಇಷ್ಟಿಷ್ಟೇ ತಿರುಗಿಸಿ. ಕೆಂಪು ಗಾರೆ ನೆಲದಿಂದ ಏಳುವ ಬಿಸುಪು ನಮ್ಮ ಗೋಧಿ ಬಣ್ಣದ ಚರ್ಮಕ್ಕೆ ಚೆನ್ನಾಗಿಯೇ ಕೂಡುತ್ತದೆ. ಬೇರೆಡೆಯಿಂದ ಬಣ್ಣ ಹೊತ್ತು ಬರುವ ಬೆಳಕಿನಲ್ಲಿ ನಾನು ಒಪ್ಪುವುದು ಇದೊಂದನ್ನೇ. ಜೂನ್, ಜುಲೈಯಲ್ಲಿ ಮೋಡ ಕವಿದ ದಿನ ಬೆಳಗಿನಿಂದ ಸಂಜೆವರೆಗೂ ಈ ಬೆಳಕು ಕದಲುವುದಿಲ್ಲ. ಮಳೆಗಾಲ ಅಂತ ಕ್ಯಾಮೆರಾ ಎತ್ತಿಟ್ಟುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗೆಳತಿಯರು ಕ್ಯಾಮೆರಾ ಕಂಡ ಕೂಡಲೇ ಕಲ್ಲಾಗುತ್ತಾರೆ ಅಲ್ಲವಾ? ನಗು ಅನ್ನಬೇಡಿ. ಕೈಗೊಂದು ಕೆಲಸ ಕೊಡಿ. ಅಬ್ಬಲಿಗೆ ಹೂ ಕಟ್ಟುವುದು, ಹಲಸಿನ ತೊಳೆ ಬಿಡಿಸುವುದು, ಸುಗ್ಗಿಯಲ್ಲಾದರೆ ಅಡಿಕೆ ಸುಲಿಯುವುದು. ಕೈ ಕೆಲಸದಲ್ಲಿ ತೊಡಗಿದ ಐದು ನಿಮಿಷಕ್ಕೆ ಭುಜ ತಾನಾಗಿ ಇಳಿಯುತ್ತದೆ, ಮುಖದ ಬಿಗಿ ಬಿಡುತ್ತದೆ. ಆಗ ಹೆಸರು ಹಿಡಿದು ಒಮ್ಮೆ ಕರೆಯಿರಿ. ತಲೆ ಎತ್ತಿದ ಆ ಒಂದು ಕ್ಷಣವೇ ನಿಮಗೆ ಬೇಕಾದ ಫೋಟೊ.

ಇನ್ನು ನಿಮ್ಮ ಬುಟ್ಟಿ, ಫಲಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಿಮ್ಮ ಅನ್ನದ ಪ್ರಶ್ನೆ.

ಕಿತ್ತಳೆ, ಕಂದು ಎರಡು ಬೇರೆ ಬಣ್ಣ ಎಂದು ನಾವು ತಿಳಿದಿದ್ದೇವೆ. ಬೆಳಕಿನ ಲೆಕ್ಕದಲ್ಲಿ ಹಾಗಲ್ಲ. ಕಿತ್ತಳೆಗೆ ಬೆಳಕು ಕಡಿಮೆ ಮಾಡುತ್ತ ಹೋದರೆ ಅದೇ ಕಂದಾಗುತ್ತದೆ. ನನ್ನ ಊಹೆ ಹೀಗೆ: ನೀವು ಬುಟ್ಟಿಯನ್ನು ಬಿಳಿ ಪಂಚೆ ಹಾಸಿ ಅದರ ಮೇಲಿಟ್ಟ ದಿನ, ಕ್ಯಾಮೆರಾ ಅಷ್ಟೊಂದು ಬಿಳಿ ನೋಡಿ ಬೆಳಕು ಕಡಿಮೆ ತೆಗೆದುಕೊಂಡಿದೆ, ಕೆಮ್ಮಣ್ಣು ಕಂದಾಗಿದೆ. ಕಪ್ಪು ಮರದ ಬಾಗಿಲ ಮುಂದಿಟ್ಟ ದಿನ ಬೆಳಕು ಹೆಚ್ಚು ತೆಗೆದುಕೊಂಡಿದೆ, ಕಿತ್ತಳೆಯಾಗಿದೆ. ಇದರ ಮೇಲೆ ಆಟೊ ವೈಟ್ ಬ್ಯಾಲೆನ್ಸಿನ, ಅಂದರೆ ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ತಿದ್ದುವ ಏರ್ಪಾಟಿನ ಕಾಟ ಬೇರೆ. ಫ್ರೇಮಿನ ತುಂಬ ಕೆಂಪೇ ಇದ್ದರೆ, ಬೆಳಕೇ ಕೆಂಪಗಿದೆ ಎಂದು ತಿಳಿದು ಅದು ನೀಲಿ ಬೆರೆಸಲು ಹೊರಡುತ್ತದೆ. ನೀವೂ ತಪ್ಪು ಮಾಡಿಲ್ಲ, ಮಣ್ಣೂ ಬದಲಾಗಿಲ್ಲ. ಎರಡು ತೀರ್ಮಾನ ಕ್ಯಾಮೆರಾಕ್ಕೆ ಬಿಟ್ಟಿದ್ದೀರಿ, ಅವನ್ನು ವಾಪಸ್ ತಗೊಳ್ಳಿ.

ಹೀಗೆ ಮಾಡಿ. ಫೋಟೊ ಅಂಗಡಿಯಲ್ಲಿ ಗ್ರೇ ಕಾರ್ಡ್ ಅಂತ ಬೂದು ಬಣ್ಣದ ರಟ್ಟು ಸಿಗುತ್ತದೆ, ದುಬಾರಿಯಲ್ಲ. ಬುಟ್ಟಿ ಎಲ್ಲಿಡುತ್ತೀರೋ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಅದನ್ನಿಟ್ಟು ಕ್ಯಾಮೆರಾ ಮ್ಯಾನುಯಲ್‌ಗೆ ಹಾಕಿ ಎಕ್ಸ್‌ಪೋಷರ್ ಅಳೆದು ಗಟ್ಟಿ ಮಾಡಿಕೊಳ್ಳಿ. ಅದರ ಮೇಲೆಯೇ ಕಸ್ಟಮ್ ವೈಟ್ ಬ್ಯಾಲೆನ್ಸ್ ಹಿಡಿಯಿರಿ. ಆಮೇಲೆ ರಟ್ಟು ತೆಗೆದು ಬುಟ್ಟಿ ಇಡಿ. ಹಿಂದೆ ಪಂಚೆಯಿರಲಿ, ಬಾಗಿಲಿರಲಿ, ಬಣ್ಣ ಕದಲುವುದಿಲ್ಲ. ಗ್ರೇ ಕಾರ್ಡ್ ಬದಲು ಪ್ರಿಂಟರಿನ ಬಿಳಿ ಹಾಳೆ ಸಾಕು ಅನ್ನುವವರಿದ್ದಾರೆ, ಕೇಳಬೇಡಿ. ಆ ಕಾಗದ ಬೆಳ್ಳಗೆ ಹೊಳೆಯಲಿ ಅಂತ ನೀಲಿ ಹೊಳಪಿನ ರಾಸಾಯನಿಕ ಬೆರೆಸಿರುತ್ತಾರೆ, ಅಳತೆ ತಪ್ಪುತ್ತದೆ. ಹಾಗೆಯೇ ಚಿತ್ತಾರದ ಬಿಳಿ ಗೆರೆಯನ್ನೇ ಮುಟ್ಟಿ ‘ಇದು ಬಿಳಿ’ ಅಂತ ಕಂಪ್ಯೂಟರಿಗೆ ತೋರಿಸಬೇಡಿ. ಅಕ್ಕಿ ನೆನೆಸಿ ಅರೆದು ಮಾಡಿದ ಬಿಳಿ, ಕಾಗದದ ಬಿಳಿ ಅಲ್ಲ. ಅದರಲ್ಲಿ ತುಸು ಕೆನೆ ಇದೆ. ಅದನ್ನು ಬಲವಂತದಿಂದ ಬಿಳಿ ಮಾಡಿದರೆ ಕೆಮ್ಮಣ್ಣು ಸತ್ತುಹೋಗುತ್ತದೆ, ಗುರಿಗೆ ಕಾಯಿಯ ಹಳದಿ ಸಪ್ಪೆಯಾಗುತ್ತದೆ, ಹುರಿದ ಅಕ್ಕಿಯ ಕಪ್ಪು ಮಾತ್ರ ಉಳಿಯುತ್ತದೆ. ಮಣ್ಣು, ಅಕ್ಕಿ, ಕಾಯಿ ಇಟ್ಟುಕೊಂಡು ನಿಮ್ಮ ಅಜ್ಜಿಯಂದಿರು ಹದ ಮಾಡಿದ ಬಣ್ಣ ಅದು. ಅದನ್ನು ಪೇಂಟಿನ ಡಬ್ಬಿಯ ಬಣ್ಣದಂತೆ ತೋರಿಸಿದರೆ ಕೊಳ್ಳುವವರಿಗೆ ಮೋಸ, ನಿಮಗೂ ನಷ್ಟ.

ಫಲಕಕ್ಕೂ ಬುಟ್ಟಿಗೂ ಬೆಳಕು ಬೇರೆ ಬೇರೆ. ಫಲಕವನ್ನು ಗೋಡೆಗೆ ನೇರ ನಿಲ್ಲಿಸಿ, ಕ್ಯಾಮೆರಾ ಅದಕ್ಕೆ ಸಮಸಮವಾಗಿ, ನಡು ಎತ್ತರದಲ್ಲಿರಲಿ. ಚಿತ್ತಾರವೆಂದರೆ ಗೆರೆಯ ಲೆಕ್ಕ. ಕ್ಯಾಮೆರಾ ಒಂದಿಷ್ಟು ಓರೆಯಾದರೂ ನೀವು ಅಳೆದು ಎಳೆದ ಗೆರೆಯೆಲ್ಲ ಸೊಟ್ಟ ಕಾಣುತ್ತದೆ. 18-55ರಲ್ಲಿ 18ರ ತುದಿ ಬೇಡ, ಅಂಚಿನ ಗೆರೆ ಬಿಲ್ಲಿನಂತೆ ಬಾಗುತ್ತದೆ. 40ರಿಂದ 55ರ ನಡುವೆ ಇಟ್ಟು ದೂರ ಸರಿಯಿರಿ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8. ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾ ಅಲುಗದಂತೆ ಸ್ಟ್ಯಾಂಡ್ ಇಲ್ಲದಿದ್ದರೆ ಕೊಳಗದ ಮೇಲಿಡಿ, ಟೈಮರ್ ಹಾಕಿ. ಎರಡೂ ಕಡೆಯಿಂದ ಬೆಳಕು ಸಮ ಬೀಳುವಂತೆ ಮೊದಲ ಫೋಟೊ ತೆಗೆಯಿರಿ, ಆಮೇಲೆ ಎರಡನೆಯದು. ಒಂದು ಬದಿಯ ಕಿಟಕಿಯಷ್ಟೇ ತೆರೆದು, ಬೆಳಕು ಫಲಕವನ್ನು ಸವರಿಕೊಂಡು ಹೋಗುವಂತೆ ಮಾಡಿ. ಪುಂಡಿ ನಾರಿನ ಕುಂಚ ಎಲ್ಲಿ ಒತ್ತಿತು, ಎಲ್ಲಿ ತೇಲಿತು, ಗೆರೆ ಎಲ್ಲಿ ಒಂದು ಕೂದಲಷ್ಟು ಎದ್ದು ಕೂತಿದೆ ಅನ್ನುವುದು ಆಗ ಕಾಣುತ್ತದೆ. ಅಚ್ಚು ಹಾಕಿದ ಚಿತ್ತಾರಕ್ಕೂ ಕೈಯಲ್ಲಿ ಬರೆದದ್ದಕ್ಕೂ ಇರುವ ಅಂತರವನ್ನು ಕೊಳ್ಳುವವರಿಗೆ ತೋರಿಸುವುದು ಈ ಎರಡನೇ ಫೋಟೊ. ನಿಮ್ಮೂರ ಕಡೆಯ ಗುಡಿಗಾರರ ಶ್ರೀಗಂಧದ ಕೆತ್ತನೆಗೂ ಇದೇ ಓರೆ ಬೆಳಕೇ ಬೇಕು. ಎದುರಿನಿಂದ ಫ್ಲಾಶ್ ಹೊಡೆದರೆ ಅಷ್ಟು ಸೂಕ್ಷ್ಮ ಬಳ್ಳಿಯೂ ಬರೀ ಹಲಗೆಯಂತೆ ಕಾಣುತ್ತದೆ.

ಬುಟ್ಟಿಗೆ ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಬಿಳಿ ಪಂಚೆ ಮಡಿಸಿ ಕುರ್ಚಿಗೆ ಹಾಕಿ. ನೆರಳಿನ ಬದಿ ಅಷ್ಟಕ್ಕೇ ತಿಳಿಯಾಗುತ್ತದೆ. ಆಮೇಲೆ ಅಮ್ಮನ ಕೈ ಬುಟ್ಟಿಯನ್ನು ಹಿಡಿದ ಫೋಟೊ ಒಂದು ಇರಲೇಬೇಕು. ಬುಟ್ಟಿ ಎಷ್ಟು ದೊಡ್ಡದು ಎಂಬುದು ಅಂಗೈ ನೋಡಿ ಗೊತ್ತಾಗುತ್ತದೆ, ಇಂಚಿನ ಲೆಕ್ಕ ಯಾರೂ ಓದುವುದಿಲ್ಲ. ಇನ್ನೊಂದು ಲಾಭವೂ ಇದೆ. ಕೊಳ್ಳುವವರ ಮೊಬೈಲಿನ ಪರದೆ ಒಂದೊಂದು ಒಂದೊಂದು ಥರ, ಕೆಲವರು ರಾತ್ರಿ ಪರದೆ ಹಳದಿ ಮಾಡಿಟ್ಟುಕೊಂಡಿರುತ್ತಾರೆ. ಚರ್ಮದ ಬಣ್ಣ ಎಲ್ಲರ ಕಣ್ಣಿಗೂ ಗೊತ್ತು. ಕೈ ಹಳದಿಯಾಗಿ ಕಂಡರೆ ಬುಟ್ಟಿಯೂ ಹಳದಿಗೆ ತಿರುಗಿದೆ ಎಂದು ಕಣ್ಣೇ ಲೆಕ್ಕ ಹಾಕಿಕೊಳ್ಳುತ್ತದೆ. ಭೂಮಿ ಹುಣ್ಣಿಮೆಗೆ ಬುಟ್ಟಿ ನಿಜವಾಗಿ ಗದ್ದೆಗೆ ಹೊರಡುವ ನಸುಕಿನಲ್ಲಿ ಒಂದಾದರೂ ಫೋಟೊ ತೆಗೆದಿಡಿ. ಅದು ಮಾರಾಟಕ್ಕೆ ಬೇಡ, ಮನೆಗೆ ಬೇಕು.

ಮದುವೆಗೆ ಒಪ್ಪಿಕೊಳ್ಳಬೇಕಾ ಎಂದು ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ಒಬ್ಬರೇ ಪೂರ್ತಿ ಮದುವೆ ಒಪ್ಪಿಕೊಳ್ಳಬೇಡಿ. ನಿಮಗೆ ಬರುವುದಿಲ್ಲ ಎಂದಲ್ಲ. ಧಾರೆಯ ಹೊತ್ತಿಗೆ ನಿಮ್ಮ ಗೆಳತಿ ಜನರ ನಡುವೆ ನಿಮ್ಮ ಮುಖ ಹುಡುಕುತ್ತಾಳೆ, ಅಲ್ಲಿ ಲೆನ್ಸು ಕಂಡರೆ ಅವಳಿಗೂ ನಷ್ಟ, ನಿಮಗೂ ನಷ್ಟ. ಹೆಣ್ಣು ಒಪ್ಪಿಸಿಕೊಡುವಾಗ ನಿಮ್ಮ ಕಣ್ಣು ತುಂಬಿಕೊಂಡರೆ ಫೋಕಸ್ ನೋಡುವವರು ಯಾರು? ಮುಹೂರ್ತ, ಗುಂಪು ಫೋಟೊ, ಆರತಕ್ಷತೆ ಇವನ್ನು ಕೂಲಿಗೆ ಬರುವ ಫೋಟೊಗ್ರಾಫರಿಗೆ ಬಿಡಿ. ಅವರಿಗೆ ಸಿಗದ ಮದುವೆ ಒಂದು ನಿಮಗೆ ಸಿಗುತ್ತದೆ, ಅದನ್ನು ತೆಗೆಯಿರಿ. ಹಿಂದಿನ ದಿನ ಚಪ್ಪರ ಹಾಕುವಾಗ ಅಡಿಕೆ ಕಂಬ ಹೂಳುವವರು, ಸೋಗೆ ಹೊದೆಸುವವರು, ಮಾವಿನ ತೋರಣ ಪೋಣಿಸುವ ಮಕ್ಕಳು, ಹಿಂಗಾರ ಬಿಡಿಸುವ ಕೈ, ಬಳೆ ತೊಡಿಸಿಕೊಳ್ಳುವಾಗ ಗೆಳತಿ ಮುಖ ಕಿವುಚುವುದು, ರಾತ್ರಿ ಹೋಳಿಗೆಗೆ ಹೂರಣ ರುಬ್ಬುವ ಹೊತ್ತಿನ ಹಾಡು. ಬೆಳಗ್ಗೆ ಒಳಮನೆಯಲ್ಲಿ ಸೀರೆ ಉಡಿಸುವ ಚಿಕ್ಕಮ್ಮಂದಿರು ಹೊರಗಿನ ಫೋಟೊಗ್ರಾಫರನ್ನು ಬಿಟ್ಟುಕೊಳ್ಳುವುದಿಲ್ಲ, ನಿಮ್ಮನ್ನು ಬಿಟ್ಟುಕೊಳ್ಳುತ್ತಾರೆ. ಮತ್ತೆ, ಮೂಲೆಯ ಮಂಚದ ಮೇಲೆ ಕೂತ ಅಜ್ಜಿಯನ್ನು ಮರೆಯಬೇಡಿ. ಮದುವೆಯಾಗಿ ಐದಾರು ವರ್ಷಕ್ಕೆ ನನ್ನ ಹತ್ತಿರ ಹಳೆ ಫೋಟೊ ಹುಡುಕಿ ಕೊಡಿ ಅಂತ ಬರುವವರಲ್ಲಿ ಹೆಚ್ಚಿನವರು ಕೇಳುವುದು ಮದುಮಕ್ಕಳದ್ದಲ್ಲ, ಅಜ್ಜ-ಅಜ್ಜಿಯದು.

ಮನೆಯವರಿಗೆ ಬೇರೆ ಫೋಟೊಗ್ರಾಫರನ್ನು ಕರೆಸುವ ಅನುಕೂಲ ಇಲ್ಲ ಅಂತಾದರೆ ಮಾತು ಬೇರೆ. ಆಗ ಹಿಂದೆ ಸರಿಯಬೇಡಿ, ಆದರೆ ಜೊತೆಗೆ ಕ್ಯಾಮೆರಾ ಹಿಡಿಯಬಲ್ಲ ಇನ್ನೊಬ್ಬರು, ಎರಡು ಕಾರ್ಡು, ಎರಡು ಬ್ಯಾಟರಿ ಇರಲೇಬೇಕು. ಗುಂಪು ಫೋಟೊಕ್ಕೆ ನೆಂಟರನ್ನು ಹೆಸರು ಹಿಡಿದು ಕರೆಯಬಲ್ಲ ಗೆಳತಿಯ ಕಡೆಯ ಒಬ್ಬ ಹುಡುಗನನ್ನು ಹಿಡಿಯಿರಿ. ಸೋದರಮಾವನನ್ನು ಬಿಟ್ಟರೆ ಆ ಮಾತು ಹತ್ತು ವರ್ಷ ಉಳಿಯುತ್ತದೆ.

ಎರಡರಲ್ಲಿ ಯಾವುದಾದರೂ ಸರಿ, ಹಣ ಖರ್ಚಿಲ್ಲದ ಒಂದು ಕೆಲಸವನ್ನು ಈಗಲೇ ಮಾಡಿ. ಶಾಮಿಯಾನದವರಿಗೆ ಹೇಳುವ ಮೊದಲು ಗೆಳತಿಯ ಅಪ್ಪನನ್ನು ಕಂಡು, ಮಂಟಪದ ಮೇಲೆ ಮತ್ತು ಅದರ ಸುತ್ತ ಒಂದೊಂದು ಅಂಕಣಕ್ಕಾದರೂ ಬಿಳಿ ಬಟ್ಟೆ ಕಟ್ಟಿಸಿ ಅಂತ ಕೇಳಿ. ಉಳಿದ ಚಪ್ಪರ ಯಾವ ಬಣ್ಣದ್ದಾದರೂ ಇರಲಿ. ಹದಿನೈದು ಸಾವಿರದ ಲೆನ್ಸಿಗಿಂತ ಆ ನಾಲ್ಕು ಬಿಳಿ ಬಟ್ಟೆ ನಿಮ್ಮ ಫೋಟೊವನ್ನು ಹೆಚ್ಚು ಕಾಯುತ್ತದೆ. ಬರೀ ಸೋಗೆ ಚಪ್ಪರವಾದರೆ ಬಣ್ಣದ ಕಾಟ ಕಡಿಮೆ, ಆದರೆ ಸಂದಿನಿಂದ ಬಿಸಿಲಕೋಲು ಇಳಿದು ಮದುಮಗಳ ಅರ್ಧ ಮೂಗು ಬೆಳ್ಳಗೆ, ಅರ್ಧ ಕಪ್ಪು. ಮಂಟಪದ ಮೇಲೆ ಸೋಗೆಯನ್ನು ಎರಡು ಪದರ ಹೊದೆಸಲು ಹೇಳಿ. ಏಪ್ರಿಲ್ ಕೊನೆ ಅಂದಿರಿ. ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಯಾರಾದರೂ ನೀಲಿ ಟಾರ್ಪಾಲು ಎಳೆದೇ ಎಳೆಯುತ್ತಾರೆ. ಆ ಕ್ಷಣದಿಂದ ವೈಟ್ ಬ್ಯಾಲೆನ್ಸ್ ಮತ್ತೆ ಹಿಡಿಯಬೇಕು, ಮರೆಯಬೇಡಿ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಫೈಲು) ತೆಗೆದರೆ ಆಮೇಲೆ ತಿದ್ದಲು ಜಾಗ ಇರುತ್ತದೆ. ಜೆಪೆಗ್‌ನಲ್ಲಿ ಅಷ್ಟು ಇರುವುದಿಲ್ಲ.

ಮಂಟಪಕ್ಕೆ ಎಲ್‌ಇಡಿ ದೀಪ ಕಟ್ಟಿದ್ದರೆ ಕೆಲವೊಮ್ಮೆ ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುವುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ವೇಗವನ್ನು ಸೆಕೆಂಡಿನ 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ.

ಮಾಂಗಲ್ಯದ ಹೊತ್ತಿಗೆ ಅಕ್ಷತೆ ಸುರಿಯುತ್ತದೆ, ಮುಂದಿನವರ ಕೈ ಮೇಲೇಳುತ್ತದೆ, ಕ್ಯಾಮೆರಾ ಹತ್ತಿರದ ಕೈಗೋ ಅಕ್ಕಿ ಕಾಳಿಗೋ ಫೋಕಸ್ ಹಿಡಿದುಬಿಡುತ್ತದೆ. ಫೋಕಸಿನ ಒಂದೇ ಚುಕ್ಕಿಯನ್ನು ಆರಿಸಿ ಮದುಮಗಳ ಕಣ್ಣಿಗಿಡಿ. ಎಲ್‌ಇಡಿ ಪಟ್ಟೆಯ ಕಾಟ ಇಲ್ಲದಿದ್ದರೆ ಶಟರ್ 1/250, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಆಗಲಿ. ಫೋಟೊ ರವೆ ರವೆಯಾದರೆ ಯಾರೂ ಬೇಸರ ಮಾಡುವುದಿಲ್ಲ, ಮಸುಕಾದರೆ ಮಾಡುತ್ತಾರೆ. ಯಾವ ಶಾಸ್ತ್ರ ಯಾವಾಗ, ಅಂತರಪಟ ಯಾವ ಕಡೆಯಿಂದ ಸರಿಸುತ್ತಾರೆ ಅಂತ ಹಿಂದಿನ ದಿನವೇ ಪುರೋಹಿತರನ್ನೋ ಮನೆಯ ಹಿರಿಯರನ್ನೋ ಕೇಳಿಕೊಳ್ಳಿ. ಜಾತಿಗೊಂದು, ಸೀಮೆಗೊಂದು ಪದ್ಧತಿ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆಯಾದರೆ ಹೋಮವಿಲ್ಲ, ಹೊಗೆಯಿಲ್ಲ, ಆದರೆ ಬೇಗ ಮುಗಿಯುತ್ತದೆ. ನೀರು ಕುಡಿದು ಬರುತ್ತೇನೆ ಅಂತ ಹೋಗುವ ಹಾಗಿಲ್ಲ.

ಈಗ ಲೆನ್ಸು. 50 ಎಂಎಂ ಎಫ್ 1.8 ಲೆನ್ಸು ಹೆಚ್ಚಿನ ಕಂಪನಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಒಳ್ಳೆಯ ಲೆನ್ಸು, ನಿಮ್ಮ ಹಣದೊಳಗೆ ನೋಡಬಹುದು. ನಿಮ್ಮ 18-55 ಲೆನ್ಸು 55ರಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ 1.8 ಅಂದರೆ ಅದರ ಹತ್ತಿರ ಹತ್ತಿರ ಹತ್ತು ಪಾಲು ಬೆಳಕು ಒಳಗೆ ಬರುತ್ತದೆ. ಕತ್ತಲೆ ಒಳಮನೆಗೆ ಇದು ವರ. ಆದರೆ ನಿಮ್ಮ ಥರದ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 50 ಅನ್ನುವುದು 75-80ರಷ್ಟು ಬಿಗಿ ಕಾಣುತ್ತದೆ. ಮುಖಕ್ಕೆ ಚೆನ್ನ, ಇಕ್ಕಟ್ಟಿನ ಕೋಣೆಯಲ್ಲಿ ಬೆನ್ನು ಗೋಡೆಗೆ ಹತ್ತಿದರೂ ಸೀರೆ ಉಡುವ ಹುಡುಗಿ ಪೂರ್ತಿ ಹಿಡಿಯುವುದಿಲ್ಲ. ಅದಕ್ಕೆ 35 ಎಂಎಂ ಎಫ್ 1.8 ನಿಮ್ಮ ಕ್ಯಾಮೆರಾಕ್ಕೆ ಸಿಕ್ಕರೆ ನನ್ನ ಮತ ಅದಕ್ಕೇ. ಬೆಲೆ ಎಟುಕದಿದ್ದರೆ 50 ತಗೊಳ್ಳಿ, ಇಕ್ಕಟ್ಟಿಗೆ ಹಳೆಯ 18-55 ಇದ್ದೇ ಇದೆ. ಎಫ್ 1.8 ಸಿಕ್ಕಿತೆಂದು ಎಲ್ಲದಕ್ಕೂ ಅದನ್ನೇ ತೆರೆಯಬೇಡಿ. 50ರಲ್ಲಿ ಒಂದೂವರೆ ಮೀಟರ್ ದೂರಕ್ಕೆ ಚುರುಕಾಗಿ ಬರುವುದು ಆರು ಸೆಂಟಿಮೀಟರಿನ ಆಸುಪಾಸು. ಗೆಳತಿಯರಿಬ್ಬರು ಅಕ್ಕಪಕ್ಕ ಕೂತರೆ ಒಬ್ಬಳು ಮಸುಕು. ಇಬ್ಬರಿಗೆ ಎಫ್ 4 ಇಡಿ.

ಫ್ಲಾಶ್ ಇದ್ದರೆ ಮೇಲಕ್ಕೆ ತಿರುಗಿಸಿ ಹೊಡೆಯಿರಿ ಅಂತ ಪೇಟೆಯವರು ಹೇಳುತ್ತಾರೆ. ಅದು ಬಿಳಿ ಸೀಲಿಂಗಿನ ಕಲ್ಯಾಣ ಮಂಟಪದ ಮಾತು. ನಮ್ಮ ಮಾಳಿಗೆಯ ಕಪ್ಪು ಹಲಗೆ ಅಷ್ಟೂ ಬೆಳಕನ್ನು ನುಂಗಿ, ಉಳಿದ ಚೂರನ್ನು ಕೆಂಪಗೆ ಮಾಡಿ ಕಳಿಸುತ್ತದೆ. ಫ್ಲಾಶನ್ನು ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿ, ಗೋಡೆಯೇ ದೊಡ್ಡ ಕಿಟಕಿಯಾಗುತ್ತದೆ. ಈಗಿನ ಮನೆಗಳಲ್ಲಿ ಗೋಡೆಗೆ ಗಿಣಿ ಹಸಿರು, ನೇರಳೆ ಬಳಿದಿರುತ್ತಾರೆ. ಅಂಥ ಗೋಡೆ ಬೇಡ, ಯಾಕೆ ಅಂತ ನಿಮಗೀಗ ಗೊತ್ತು.

ಲೆನ್ಸು ಹಳೆಯದು ಕೊಳ್ಳುವುದಾದರೆ ಮೊಬೈಲಿನ ಟಾರ್ಚನ್ನು ಹಿಂದಿನಿಂದ ಬಿಟ್ಟು ಗಾಜಿನೊಳಗೆ ನೋಡಿ. ಜೇಡನ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಕೊಂಡ ಮೇಲೂ ಮಳೆಗಾಲದಲ್ಲಿ ನಮ್ಮ ಕಡೆ ಲೆನ್ಸು ಬೂಷ್ಟು ಹಿಡಿಯುವುದು ಬಟ್ಟೆ ಬೂಷ್ಟು ಹಿಡಿದಷ್ಟೇ ಸಲೀಸು. ಬ್ಯಾಗಿನಲ್ಲಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ, ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಬೆಚ್ಚಗಿರಲಿ ಅಂತ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಕ್ಯಾಮೆರಾ ಇಡುವವರನ್ನು ಕಂಡಿದ್ದೇನೆ. ಹೊಗೆಯೂ ಹಬೆಯೂ ಸೇರಿ ಒಂದೇ ಮಳೆಗಾಲಕ್ಕೆ ಮುಗಿಸುತ್ತವೆ.

ಹಣ ಪಡೆದು ಫೋಟೊ ತೆಗೆಯುವ ಯೋಚನೆ ಇದ್ದರೆ ಒಂದು ಕಾನೂನಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ಹಣ ಕೊಟ್ಟವರೇ, ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ. ನಿಮ್ಮ ಕೆಲಸ ತೋರಿಸಲು ಆ ಫೋಟೊ ಬಳಸಬೇಕಾದರೆ ಮೊದಲೇ ಒಂದು ಸಾಲು ಬರೆಸಿಕೊಳ್ಳಿ. ಗೆಳತಿಯ ಹತ್ತಿರ ಹಣ ತೆಗೆದುಕೊಳ್ಳದಿದ್ದರೂ ಅವಳ ಮದುವೆಯ ಫೋಟೊ ಎಲ್ಲಾದರೂ ಹಾಕುವ ಮೊದಲು ಅವಳನ್ನೂ ಅವಳ ಗಂಡನನ್ನೂ ಕೇಳಿ. ಒಳಮನೆಯಲ್ಲಿ ತೆಗೆದ ಫೋಟೊ ಒಳಮನೆಯವರದು.

ಮದುವೆಗೆ ಒಂದು ವಾರ ಮೊದಲು, ಮುಹೂರ್ತದ ಹೊತ್ತಿಗೇ ಅವರ ಅಂಗಳಕ್ಕೆ ಹೋಗಿ. ಮಂಟಪ ಬರುವ ಜಾಗದಲ್ಲಿ ಗೆಳತಿಯನ್ನೋ ಅವಳ ತಮ್ಮನನ್ನೋ ಬಿಳಿ ಪಂಚೆ ಹೊದೆಸಿ ನಿಲ್ಲಿಸಿ ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ ತೆಗೆಯಿರಿ. ಪಂಚೆಯ ಬಣ್ಣ ಯಾವ ದಿಕ್ಕಿನಲ್ಲಿ ಏನಾಯಿತು ಎಂದು ನನಗೆ ಬರೆದು, ಫೋಟೊಗಳನ್ನೂ ಕಳಿಸಿ. ಎಲ್ಲಿ ನಿಲ್ಲಬೇಕು ಅಂತ ನೋಡಿ ಹೇಳುತ್ತೇನೆ.